ಜ್ವರ ಎಷ್ಟನೇ ದಿನ? ಯಾವ ಟೆಸ್ಟ್ ಯಾವಾಗ ಮಾಡಿಸಬೇಕು

ಮಳೆಗಾಲ ಹಿಡಿಯಿತು ಅಂದರೆ ನಮ್ಮ ಲ್ಯಾಬ್ ಕಟ್ಟೆಯ ಮೇಲೆ ಬೆಳಗ್ಗೆ ಎಂಟಕ್ಕೇ ನಾಲ್ಕೈದು ಜನ ಕೂತಿರುತ್ತಾರೆ. ನಾನು ಜಮಖಂಡಿಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹೆಗಲ ಮೇಲೆ ಮಗಳನ್ನು ಮಲಗಿಸಿಕೊಂಡು ಬಂದ ಅಪ್ಪ ಕೌಂಟರ್ ಹತ್ತಿರ ನಿಂತು ಹೇಳುತ್ತಾನೆ: "ಅಕ್ಕಾರ, ಜ್ವರದ್ದು ಎಲ್ಲಾ ಟೆಸ್ಟ್ ಮಾಡಿಬಿಡ್ರಿ. ರೊಕ್ಕದ ಚಿಂತಿ ಬ್ಯಾಡ." ನಾನು ಕೇಳುತ್ತೇನೆ: "ಜ್ವರ ಯಾವತ್ತ ಶುರು ಆಗೇತ್ರಿ?" ಅವನು ಹೆಂಡತಿಯ ಮುಖ ನೋಡುತ್ತಾನೆ. "ಮೊನ್ನೆ... ಅಲ್ಲ, ಆಚಿ ಮೊನ್ನೆ ಇರಬೇಕ್ರಿ."

ಆ ಒಂದು ದಿನದ ಗೊಂದಲದಿಂದ ದುಡ್ಡೂ ಹೋಗುತ್ತದೆ, ಸರಿಯಾದ ಉತ್ತರವೂ ಸಿಗುವುದಿಲ್ಲ. ಯಾಕೆ ಅಂದರೆ ಜ್ವರದ ಟೆಸ್ಟ್‌ಗಳು ಎರಡು ಜಾತಿ. ಒಂದು ಜಾತಿ ರೋಗಾಣುವನ್ನೇ ಹುಡುಕುತ್ತದೆ. ಇನ್ನೊಂದು, ರೋಗಾಣುವಿನ ವಿರುದ್ಧ ನಮ್ಮ ಮೈ ಮಾಡಿಕೊಂಡ ಪ್ರತಿಕಾಯವನ್ನು ಹುಡುಕುತ್ತದೆ. ಮೊದಲನೆಯದು ಜ್ವರದ ಶುರುವಿನ ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, ದಿನ ಕಳೆದಂತೆ ಕಮ್ಮಿಯಾಗುತ್ತದೆ. ಎರಡನೆಯದು ಶುರುವಿನಲ್ಲಿ ಇರುವುದೇ ಇಲ್ಲ, ಐದಾರು ದಿನ ಆದಮೇಲೆ ಮೇಲೆ ಬರುತ್ತದೆ. ಎರಡನೇ ದಿನಕ್ಕೆ ಆರನೇ ದಿನದ ಟೆಸ್ಟ್ ಮಾಡಿಸಿದರೆ ರಿಪೋರ್ಟ್ "ಇಲ್ಲ" ಅನ್ನುತ್ತದೆ. ರೋಗ ಮೈಯಲ್ಲಿ ಇದ್ದೇ ಇರುತ್ತದೆ.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದ ಕೂಡಲೇ ಕ್ಯಾಲೆಂಡರ್ ಮೇಲೆ ಆ ತಾರೀಕಿಗೆ ಒಂದು ಗೆರೆ ಎಳೆಯಿರಿ. ಅದೇ ಒಂದನೇ ದಿನ. ಮಾತ್ರೆ ನುಂಗಿ ಜ್ವರ ಇಳಿದು ಮತ್ತೆ ಬಂದರೂ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ.

ಲ್ಯಾಬಿಗೆ ಬರಬಾರದವರು

ಟೆಸ್ಟ್‌ಗಳ ಮಾತಿಗೆ ಹೋಗುವ ಮೊದಲು ಇದನ್ನು ಹೇಳಲೇಬೇಕು. ಕೆಲವರು ಲ್ಯಾಬ್ ಕಟ್ಟೆ ಮೇಲೆ ಕೂರಲೇಬಾರದು, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳೊಳಗಿನ ಕೂಸಿಗೆ ಎಂಥ ಜ್ವರ ಬಂದರೂ ಅಷ್ಟೇ. ಜ್ವರದ ಜೊತೆ ಫಿಟ್ಸ್ ಬಂದರೆ, ಕುತ್ತಿಗೆ ಬಿಗಿದರೆ, ಮಾತು ತೊದಲಿದರೆ, ಎಬ್ಬಿಸಿದರೂ ಕಣ್ಣು ತೆರೆಯದೆ ಮಂಪರಿನಲ್ಲಿದ್ದರೆ, ಉಸಿರು ಮೇಲಕ್ಕೆ ಎಳೆಯುತ್ತಿದ್ದರೆ, ಬೆಳಗ್ಗೆಯಿಂದ ಮೂತ್ರವೇ ಆಗದಿದ್ದರೆ, ಕಣ್ಣು ಹಳದಿಯಾಗಿದ್ದರೆ, ವಸಡು-ಮೂಗಿನಿಂದ ರಕ್ತ ಬಂದರೆ 108ಕ್ಕೆ ಫೋನ್ ಮಾಡಿ. ಬಸುರಿ ಹೆಂಗಸಿಗೆ ಜ್ವರ ಬಂದರೂ ಕಾಯಬೇಡಿ. ಇವರಿಗೆಲ್ಲ ಚಿಕಿತ್ಸೆ ಮೊದಲು ಶುರುವಾಗುತ್ತದೆ, ರಿಪೋರ್ಟ್ ಆಮೇಲೆ ಬರುತ್ತದೆ.

ಉಳಿದವರಿಗೆ ಒಂದೆರಡು ದಿನ ಮನೆಯಲ್ಲೇ ನೋಡುವುದಕ್ಕೆ ಸಮಯ ಇರುತ್ತದೆ. ನೆಗಡಿ, ಕೆಮ್ಮು, ಗಂಟಲು ಕೆರೆತದ ಜೊತೆ ಬಂದ ಜ್ವರ ಬಹಳ ಸಲ ಮೂರು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಮೂರನೇ ದಿನವೂ ಜ್ವರ ಇಳಿಯದಿದ್ದರೆ, ಅಥವಾ ಮೊದಲನೇ ದಿನವೇ ಜೋರು ತಲೆನೋವು, ಮೈಕೈ ನೋವು, ನಡುಗುವ ಚಳಿ ಇದ್ದರೆ ವೈದ್ಯರಿಗೆ ತೋರಿಸಿ.

ಡೆಂಗಿ: ಎನ್‌ಎಸ್‌1 ಮಾಡಿಸಬೇಕಾ, ಐಜಿಎಂ ಮಾಡಿಸಬೇಕಾ?

ಒಂದರಿಂದ ಐದನೇ ದಿನದವರೆಗೆ ಎನ್‌ಎಸ್‌1. ಅದರಲ್ಲೂ ಮೊದಲ ಮೂರು ದಿನ ಚೆನ್ನ. ಐದು ದಿನ ದಾಟಿದ ಮೇಲೆ ಐಜಿಎಂ. ನಾಲ್ಕು-ಐದನೇ ದಿನ ನಡುವಿನ ದಿನ, ಆಗ ಎರಡನ್ನೂ ಮಾಡಿಸಿದರೆ ತಪ್ಪಿಲ್ಲ. ಎನ್‌ಎಸ್‌1 ಅನ್ನುವುದು ಡೆಂಗಿ ವೈರಸ್‌ನದೇ ಒಂದು ಪ್ರೋಟೀನು. ಐಜಿಎಂ ನಮ್ಮ ಮೈಯ ಪ್ರತಿಕಾಯ. ರಿಪೋರ್ಟ್‌ನಲ್ಲಿ ಐಜಿಜಿ (ಬಹಳ ದಿನ ಉಳಿಯುವ ಪ್ರತಿಕಾಯ) ಒಂದೇ ಪಾಸಿಟಿವ್ ಇದ್ದು ಉಳಿದೆರಡು ನೆಗೆಟಿವ್ ಇದ್ದರೆ ಸಾಮಾನ್ಯವಾಗಿ ಅದು ಹಳೆಯ ಡೆಂಗಿಯ ಗುರುತು. ಆ ಒಂದು ಗೆರೆ ನೋಡಿ ಗಾಬರಿ ಬಿದ್ದು ಕಾರು ಮಾಡಿಕೊಂಡು ಬೆಳಗಾವಿಗೆ ಓಡಿದವರನ್ನು ನೋಡಿದ್ದೇನೆ.

ಇನ್ನು ಕಾರ್ಡೋ, ಎಲಿಸಾನೋ? ಕಾರ್ಡ್ ಅಂದರೆ ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ. ಎರಡು ಹನಿ ಸೀರಮ್ ಹಾಕಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಬೇಗ ಗೊತ್ತಾಗುತ್ತದೆ, ಅದೇ ಅದರ ಗುಣ. ಆದರೆ ಕೆಲವೊಮ್ಮೆ ಗೆರೆ ಎಷ್ಟು ತೆಳುವಾಗಿ ಮೂಡುತ್ತದೆ ಅಂದರೆ ಕಿಟಕಿ ಬೆಳಕಿಗೆ ಹಿಡಿದು ಇಬ್ಬರು ನೋಡಿದರೆ ಇಬ್ಬರದೂ ಬೇರೆ ಬೇರೆ ಮಾತು. ಎಲಿಸಾವನ್ನು ಯಂತ್ರವೇ ಓದಿ ಅಂಕಿ ಕೊಡುತ್ತದೆ. ತಡವಾಗುತ್ತದೆ, ಆದರೆ ನಂಬಬಹುದು. ಸರ್ಕಾರ ಡೆಂಗಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಎಲಿಸಾ ರಿಪೋರ್ಟನ್ನೇ. 2024ರ ಜುಲೈನಲ್ಲಿ ಡೆಂಗಿ ಜೋರಾದಾಗ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ದರ ಕಟ್ಟಿತು. ಎನ್‌ಎಸ್‌1 ಎಲಿಸಾಗೆ 300 ರೂಪಾಯಿ, ಐಜಿಎಂ ಎಲಿಸಾಗೆ 300 ರೂಪಾಯಿ. ಅದಕ್ಕಿಂತ ಬಹಳ ಜಾಸ್ತಿ ಕೇಳಿದರೆ "ಇದು ಯಾವ ಟೆಸ್ಟ್‌ರೀ?" ಅಂತ ಕೇಳುವ ಹಕ್ಕು ನಿಮಗಿದೆ. ನನ್ನ ಸಲಹೆ ಇಷ್ಟು: ಮಗು ಮಂಕಾಗಿದ್ದು ಉತ್ತರ ಈಗಲೇ ಬೇಕು ಅಂದರೆ ಕಾರ್ಡ್. ಸಂಜೆವರೆಗೆ ಕಾಯಬಹುದಾದರೆ ಎಲಿಸಾ.

ಈಗ ಎಲ್ಲರ ಬಾಯಲ್ಲಿರುವ "ಬಿಳಿ ರಕ್ತ"ದ ವಿಷಯ. ನಮ್ಮ ಕಡೆ ಪ್ಲೇಟ್‌ಲೆಟ್‌ಗೆ ಜನ ಬಿಳಿ ರಕ್ತ ಅನ್ನುತ್ತಾರೆ. ಅದು ಬಿಳಿ ರಕ್ತಕಣ ಅಲ್ಲ, ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ. ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತದೆ. ಪ್ಲೇಟ್‌ಲೆಟ್ ಇಳಿದರೆ ಡೆಂಗಿಯೇ ಅನ್ನುವುದು ತಪ್ಪು. ಮಲೇರಿಯಾದಲ್ಲೂ ಇಳಿಯುತ್ತದೆ, ಇಲಿ ಜ್ವರದಲ್ಲೂ ಇಳಿಯುತ್ತದೆ, ಸುಮ್ನೆ ಬಂದು ಹೋಗುವ ವೈರಲ್ ಜ್ವರದಲ್ಲೂ ಸ್ವಲ್ಪ ಇಳಿಯುತ್ತದೆ. ಇನ್ನೊಂದು ಮಾತು ಲ್ಯಾಬಿನ ಒಳಗಿನವರಿಗೇ ಜಾಸ್ತಿ ಗೊತ್ತು. ಸಿಬಿಸಿಗೆ, ಅಂದರೆ ರಕ್ತಕಣಗಳನ್ನು ಎಣಿಸುವ ಟೆಸ್ಟ್‌ಗೆ, ರಕ್ತ ತುಂಬುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಯಂತ್ರ ಆ ಗುಂಪನ್ನು ಎಣಿಸುವುದಿಲ್ಲ, ಲೆಕ್ಕ ತಪ್ಪಾಗಿ ಕಮ್ಮಿ ಬರುತ್ತದೆ. ಎಂಬತ್ತು ಸಾವಿರ ಅಂತ ಬಂದ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ (ಇದಕ್ಕೆ ಸ್ಮಿಯರ್ ಅನ್ನುತ್ತಾರೆ) ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಅಂಚಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಗುಂಪು ಗುಂಪು ಕಾಣಿಸಿದ್ದಿದೆ. ಆರಾಮಾಗಿ ಓಡಾಡುವ ಮನುಷ್ಯನಿಗೆ ಪ್ಲೇಟ್‌ಲೆಟ್ ವಿಪರೀತ ಕಮ್ಮಿ ಬಂದರೆ "ಸ್ಮಿಯರ್‌ನಲ್ಲಿ ನೋಡಿದ್ರೇನು?" ಅಂತ ಒಮ್ಮೆ ಕೇಳಿ.

ಡೆಂಗಿಯಲ್ಲಿ ಪ್ಲೇಟ್‌ಲೆಟ್‌ಗಿಂತ ನಾನು ಮೊದಲು ಕಣ್ಣು ಹಾಯಿಸುವುದು ಅದೇ ಸಿಬಿಸಿ ಹಾಳೆಯಲ್ಲಿರುವ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು) ಅನ್ನುವ ಸಾಲಿನ ಮೇಲೆ. ಡೆಂಗಿ ಜೋರಾದಾಗ ರಕ್ತನಾಳದಿಂದ ನೀರಿನಂಶ ಹೊರಗೆ ಸೋರುತ್ತದೆ, ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ. ಪಿಸಿವಿ ಏರುತ್ತಿದೆ, ಪ್ಲೇಟ್‌ಲೆಟ್ ಇಳಿಯುತ್ತಿದೆ ಅಂದರೆ ಆ ರೋಗಿಯನ್ನು ಮನೆಗೆ ಕಳಿಸುವ ಹಾಗಿಲ್ಲ. ಈ ಸೋರಿಕೆ ಶುರುವಾಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ನಾಲ್ಕರಿಂದ ಏಳನೇ ದಿನದ ನಡುವೆ. ಮನೆಯವರು "ಜ್ವರ ಬಿಟ್ಟಿತು, ದೇವರು ದೊಡ್ಡವನು" ಅಂದುಕೊಂಡು ಕೂರುವುದೂ ಅದೇ ದಿನ. ಜ್ವರ ಬಿಟ್ಟ ಆ ಒಂದೆರಡು ದಿನ ಹೊಟ್ಟೆನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗುವುದು, ಮಗು ವಿಪರೀತ ಕಿರಿಕಿರಿ ಮಾಡುವುದು ಅಥವಾ ಮಂಕಾಗುವುದು ಕಂಡರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ.

ಡೆಂಗಿಗೆ ಜ್ವರದ ಮಾತ್ರೆ ಅಂದರೆ ಪ್ಯಾರಾಸಿಟಮಾಲ್ ಒಂದೇ. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಲಿವರ್ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ತೂಕದ ಲೆಕ್ಕ, ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. ಮೈಕೈ ನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡವೇ ಬೇಡ. ಅವು ಹೊಟ್ಟೆಯೊಳಗೆ ರಕ್ತಸ್ರಾವ ತರಿಸಬಹುದು. ಸೊಂಟಕ್ಕೆ "ನೋವಿನ ಸೂಜಿ" ಮಾಡಿಸಿಕೊಳ್ಳುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಹೃದಯದ ತೊಂದರೆಗೆ ದಿನಾ ಆಸ್ಪಿರಿನ್ ನುಂಗುವವರು ಅದನ್ನು ತಾವೇ ನಿಲ್ಲಿಸಬಾರದು, ವೈದ್ಯರಿಗೆ ಮೊದಲೇ ಹೇಳಬೇಕು.

ಟೈಫಾಯ್ಡ್: ವಿಡಾಲ್‌ಗಿಂತ ಕಲ್ಚರ್

ವಿಡಾಲ್ ಟೆಸ್ಟ್ 1896ರಷ್ಟು ಹಳೆಯದು. ಅಗ್ಗ, ಬೇಗ ಆಗುತ್ತದೆ, ಎಲ್ಲ ಊರಲ್ಲೂ ಸಿಗುತ್ತದೆ. ನಮ್ಮ ಕಡೆ ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸಿದ ಟೆಸ್ಟ್ ಕೂಡ ಇದೇ ಅಂತ ನನ್ನ ಅನುಭವ. ಅದನ್ನು ನಾನೇ ಕೈಯಾರೆ ಮಾಡುತ್ತೇನೆ, ಆದರೂ ಈ ಮಾತು ಹೇಳುತ್ತೇನೆ.

ವಿಡಾಲ್ ಹುಡುಕುವುದು ಪ್ರತಿಕಾಯವನ್ನು. ಅದು ಎದ್ದು ಕಾಣುವ ಮಟ್ಟಕ್ಕೆ ಬರಲು ವಾರ ಬೇಕು. ಮೂರನೇ ದಿನಕ್ಕೆ ಮಾಡಿಸಿದ ವಿಡಾಲ್ ನೆಗೆಟಿವ್ ಬಂದರೆ ಟೈಫಾಯ್ಡ್ ಇಲ್ಲ ಅಂತ ಹೇಳಲಾಗುವುದಿಲ್ಲ. ಪಾಸಿಟಿವ್ ಬಂದರೆ ಇದೆ ಅಂತಲೂ ಹೇಳಲಾಗುವುದಿಲ್ಲ. ನೀರು, ಬೀದಿಬದಿಯ ತಿಂಡಿಯ ಮೂಲಕ ಈ ಜಾತಿಯ ರೋಗಾಣು ನಮ್ಮ ಹೊಟ್ಟೆಗೆ ಆಗಾಗ ಹೋಗಿಬರುತ್ತಿರುತ್ತದೆ. ಹಾಗಾಗಿ ಆರೋಗ್ಯವಂತರ ರಕ್ತದಲ್ಲೂ ಸ್ವಲ್ಪ ಪ್ರತಿಕಾಯ ಇದ್ದೇ ಇರುತ್ತದೆ. ಹಿಂದೆ ಟೈಫಾಯ್ಡ್ ಆಗಿದ್ದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಮಲೇರಿಯಾದಂಥ ಬೇರೆ ಜ್ವರದಲ್ಲೂ ಸುಳ್ಳು ಪಾಸಿಟಿವ್ ಬರುವುದುಂಟು. "ನಮ್ಮ ಹುಡುಗಗ ವರ್ಷಕ್ಕ ಮೂರು ಸರ್ತಿ ಟೈಫಾಯ್ಡ್ ಬರ್ತದ್ರಿ" ಅನ್ನುವ ತಾಯಂದಿರನ್ನು ನೋಡುತ್ತೇನೆ. ಬಹಳ ಸಲ ಬರುವುದು ಟೈಫಾಯ್ಡ್ ಅಲ್ಲ, ವಿಡಾಲ್ ಪಾಸಿಟಿವ್ ಅಷ್ಟೇ.

ಸರಿಯಾದ ಟೆಸ್ಟ್ ಅಂದರೆ ಬ್ಲಡ್ ಕಲ್ಚರ್. ರಕ್ತವನ್ನು ಪೋಷಕ ದ್ರವ ಇರುವ ಬಾಟಲಿಗೆ ಹಾಕಿ, ಬೆಚ್ಚಗೆ ಇಟ್ಟು, ರೋಗಾಣು ಬೆಳೆಯುತ್ತದಾ ಅಂತ ನೋಡುವುದು. ಮೊದಲ ವಾರದಲ್ಲೇ ಇದು ಚೆನ್ನಾಗಿ ಸಿಗುತ್ತದೆ. ದೊಡ್ಡವರಿಗೆ ಎಂಟು ಹತ್ತು ಎಂಎಲ್ ರಕ್ತ ಬೇಕು. ಇಷ್ಟೊಂದಾ ಅಂತ ಹೆದರಬೇಡಿ, ಎರಡು ಚಮಚದಷ್ಟು. ಬೆಳೆದ ರೋಗಾಣುವಿನ ಮೇಲೆ ಯಾವ ಔಷಧಿ ಕೆಲಸ ಮಾಡುತ್ತದೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಇದು ಈಗ ಬಹಳ ಮುಖ್ಯ. ಹಿಂದೆ ಟೈಫಾಯ್ಡ್‌ಗೆ ಕಣ್ಣುಮುಚ್ಚಿ ಕೊಡುತ್ತಿದ್ದ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ನಮ್ಮ ದೇಶದಲ್ಲಿ ಬಹಳ ಕಡೆ ಕೆಲಸ ಮಾಡುವುದನ್ನು ನಿಲ್ಲಿಸಿದೆ.

ಕಲ್ಚರ್‌ನ ತೊಂದರೆಗಳೂ ಇವೆ. ಉತ್ತರಕ್ಕೆ ಮೂರರಿಂದ ಐದು ದಿನ ಬೇಕು. ದುಡ್ಡು ಜಾಸ್ತಿ. ತಾಲ್ಲೂಕು ಊರುಗಳ ಸಣ್ಣ ಲ್ಯಾಬ್‌ಗಳಲ್ಲಿ ಆಗುವುದಿಲ್ಲ. ನಾವೂ ಬಾಟಲಿಗೆ ರಕ್ತ ತುಂಬಿ ಬೇರೆ ಊರಿಗೆ ಕಳಿಸುತ್ತೇವೆ. ಮತ್ತೆ, ಒಂದು ಡೋಸ್ ಆ್ಯಂಟಿಬಯೋಟಿಕ್ ಹೊಟ್ಟೆಗೆ ಹೋದರೂ ರೋಗಾಣು ಬೆಳೆಯದೇ ಹೋಗಬಹುದು. ಅದಕ್ಕೇ ಕ್ರಮ ಹೀಗಿರಲಿ: ಮೊದಲು ಕಲ್ಚರ್‌ಗೆ ರಕ್ತ ಕೊಡಿ, ಅದೇ ದಿನ ವೈದ್ಯರು ಕೊಟ್ಟ ಔಷಧಿ ಶುರು ಮಾಡಿ. ರಿಪೋರ್ಟ್ ಬರುವವರೆಗೆ ಔಷಧಿ ನಿಲ್ಲಿಸಿ ಕೂರಬೇಕಿಲ್ಲ.

ಔಷಧಿ ಸರಿಯಿದ್ದರೂ ಟೈಫಾಯ್ಡ್ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ. ಎರಡನೇ ದಿನಕ್ಕೇ "ಈ ಡಾಕ್ಟರ್ ಕೈಗುಣ ಚಲೋ ಇಲ್ಲ" ಅಂತ ಬೇರೆ ಕಡೆ ಹೋಗಬೇಡಿ. ಹೋದಲ್ಲಿ ಇನ್ನೊಂದು ಔಷಧಿ, ಇನ್ನೊಂದು ವಿಡಾಲ್. ಆದರೆ ಈ ತಾಳ್ಮೆ ಇಟ್ಟುಕೊಳ್ಳಬೇಕಾದದ್ದು ನಿಜವಾಗಿ ಟೈಫಾಯ್ಡ್ ಇದ್ದಾಗ. ಅಲ್ಲದೇ ಇದ್ದಾಗ ಏನಾಗುತ್ತದೆ ಅನ್ನುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಅತ್ತೆಯ ಕಂಕುಳ ಕೆಳಗಿನ ಕಲೆ

ನನ್ನ ಸೋದರತ್ತೆ ಮುಧೋಳ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಎರಡು ಎಮ್ಮೆ, ಸುತ್ತ ಕಬ್ಬು. ದಿನಾ ಬದುವಿನ ಮೇಲೆ ಕೂತು ಹುಲ್ಲು ಕೊಯ್ದು ಹೊರೆ ತರುವುದು ಅವಳ ಕೆಲಸ. ಒಂದು ಅಕ್ಟೋಬರಿನಲ್ಲಿ ಜ್ವರ ಬಂತು. ಮೂರನೇ ದಿನ ಅಲ್ಲೇ ಒಂದು ಕ್ಲಿನಿಕ್ಕಿನಲ್ಲಿ ವಿಡಾಲ್ ಮಾಡಿದರು, ಪಾಸಿಟಿವ್ ಬಂತು. ಟೈಫಾಯ್ಡ್ ಸೂಜಿ ಶುರುವಾಯಿತು. ಅವಳ ಮಗ ರಿಪೋರ್ಟಿನ ಫೋಟೋ ನನಗೆ ಕಳಿಸಿ "ಅಕ್ಕಾ, ಇದು ಬರೋಬರಿ ಐತೇನು?" ಅಂತ ಕೇಳಿದ. ನಾನು "ಹೌದಪ್ಪಾ, ಟೈಫಾಯ್ಡ್ ಇರಬೇಕು, ಕೋರ್ಸ್ ಮುಗಿಸ್ರಿ" ಅಂದೆ. ಅವತ್ತು ಎಷ್ಟನೇ ದಿನ ಅಂತ ನಾನೂ ಕೇಳಲಿಲ್ಲ.

ಐದು ದಿನ ಸೂಜಿ ಆಯಿತು. ಜ್ವರ ಒಂದು ಡಿಗ್ರಿಯೂ ಇಳಿಯಲಿಲ್ಲ. ಎಂಟನೇ ದಿನ ಬಸ್ ಹತ್ತಿಸಿಕೊಂಡು ನನ್ನ ಹತ್ತಿರ ಕರೆತಂದರು. ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ರಕ್ತ ತೆಗೆಯಲು ತೋಳಿಗೆ ಪಟ್ಟಿ ಕಟ್ಟೋಣ ಅಂತ ಅವಳ ಕೈ ಎತ್ತಿದೆ. "ಅಯ್ಯ ಯವ್ವಾ, ಕಂಕಳಾಗ ಗಂಟ ಆಗೇತಿ, ನೋಯ್ತೈತಿ" ಅಂದಳು. ಕುಪ್ಪಸ ಸರಿಸಿ ನೋಡಿದೆ. ಕಂಕುಳಲ್ಲಿ ಗಂಟು. ಅದರ ಕೆಳಗೆ, ಪಕ್ಕೆಯ ಮೇಲೆ, ತೊಗರಿ ಬೇಳೆಯಷ್ಟಗಲದ ಕಪ್ಪು ಹಕ್ಕಳೆ, ಸುತ್ತ ಕೆಂಪು ಉಂಗುರ. ಬೀಡಿಯ ಬೆಂಕಿ ತಾಗಿಸಿ ಒತ್ತಿದ ಹಾಗಿತ್ತು. ಮುಟ್ಟಿದರೆ ಆ ಕಲೆ ನೋಯುತ್ತಲೇ ಇರಲಿಲ್ಲ. ನೋಯದ್ದಕ್ಕೇ ಅವಳಿಗೆ ಅದು ಅಲ್ಲಿದೆ ಅಂತಲೂ ಗೊತ್ತಿರಲಿಲ್ಲ.

ಅದು ಸ್ಕ್ರಬ್ ಟೈಫಸ್. ಹೆಸರಲ್ಲಿ ಟೈಫ್ ಇದ್ದರೂ ಟೈಫಾಯ್ಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಹುಲ್ಲು, ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚುವುದರಿಂದ ಬರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಜಾಸ್ತಿ. ಟೈಫಾಯ್ಡ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಸೂಜಿ ಈ ರೋಗಾಣುವಿಗೆ ಏನೂ ಮಾಡುವುದಿಲ್ಲ. ಡಾಕ್ಸಿಸೈಕ್ಲಿನ್ ಅನ್ನುವ ಅಗ್ಗದ ಮಾತ್ರೆ ಮಾಡುತ್ತದೆ, ಇಲ್ಲವಾದರೆ ಅಜಿತ್ರೊಮೈಸಿನ್. ವೈದ್ಯರು ಅತ್ತೆಯನ್ನು ಅಡ್ಮಿಟ್ ಮಾಡಿಕೊಂಡು ಅದನ್ನು ಕೊಟ್ಟರು. ಮಾರನೇ ದಿನ ರಾತ್ರಿ ಜ್ವರ ಬಿಟ್ಟಿತು. ತಡವಾಗಿದ್ದರೆ ಶ್ವಾಸಕೋಶ, ಕಿಡ್ನಿ, ಮೆದುಳಿಗೆ ಏರುವ ಕಾಯಿಲೆ ಇದು.

ಇದಕ್ಕೆ ಎಲಿಸಾ ಐಜಿಎಂ ಟೆಸ್ಟ್ ಇದೆ. ಅದೂ ಐದಾರು ದಿನ ಆದಮೇಲೇ ಗಟ್ಟಿ. ಆದರೆ ಎಲ್ಲಕ್ಕಿಂತ ಒಳ್ಳೆಯ ಟೆಸ್ಟ್‌ಗೆ ಕಾಸು ಬೇಡ, ಕಣ್ಣು ಸಾಕು. ಹೊಲಕ್ಕೆ ಹೋಗುವವರಿಗೆ ಜ್ವರ ಬಂದರೆ ಮನೆಯ ಹೆಂಗಸರು ಬಾಗಿಲು ಹಾಕಿಕೊಂಡು ಕಂಕುಳು, ತೊಡೆಸಂದಿ, ಎದೆಯ ಕೆಳಗೆ, ಸೊಂಟದ ಉಡಿದಾರದ ಜಾಗ, ಕಿವಿಯ ಹಿಂದೆ ಒಮ್ಮೆ ನೋಡಿ. ಎಲ್ಲರಿಗೂ ಈ ಕಲೆ ಇರುವುದಿಲ್ಲ. ಇದ್ದರೆ ಅದನ್ನು ವೈದ್ಯರಿಗೆ ತೋರಿಸಲು ನಾಚಬೇಡಿ.

ಮಲೇರಿಯಾ: ಗಾಜಿನ ಪಟ್ಟಿ ಮತ್ತು ಕಾರ್ಡ್

ಇಲ್ಲಿ ಆಯ್ಕೆ ಸುಲಭ, ಎರಡೂ ಸರಿ. ಸ್ಮಿಯರ್‌ನಲ್ಲಿ ರೋಗಾಣುವನ್ನೇ ಕಣ್ಣಾರೆ ನೋಡುತ್ತೇವೆ, ಕೆಂಪು ರಕ್ತಕಣದೊಳಗೆ ಕಲ್ಲಿನುಂಗುರದ ಹಾಗೆ ಕಾಣುತ್ತದೆ. ಅದು ವೈವ್ಯಾಕ್ಸ್ ಜಾತಿಯ ಮಲೇರಿಯಾನಾ, ಫಾಲ್ಸಿಪಾರಮ್ ಜಾತಿಯದಾ, ಎಷ್ಟಿದೆ ಅನ್ನುವುದೂ ತಿಳಿಯುತ್ತದೆ. ಕಾರ್ಡ್ ಬೇಗ. ಆದರೆ ಮಲೇರಿಯಾ ವಾಸಿಯಾದ ಮೇಲೂ ಕೆಲವು ಕಾರ್ಡ್‌ಗಳು ಎರಡು ಮೂರು ವಾರ ಪಾಸಿಟಿವ್ ತೋರಿಸುತ್ತವೆ. ಔಷಧಿ ಮುಗಿದ ಮೇಲೆ ಮತ್ತೆ ನೋಡಬೇಕಾದರೆ ಸ್ಮಿಯರ್ ಮಾಡಿಸಿ. ಒಂದು ಸಲ ನೆಗೆಟಿವ್ ಬಂದು ಚಳಿಜ್ವರ ನಿಲ್ಲದಿದ್ದರೆ ಮಾರನೇ ದಿನ ಮತ್ತೆ ಮಾಡಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡೂ ಉಚಿತ.

ನಮ್ಮ ಬಾಗಲಕೋಟೆ, ವಿಜಯಪುರದಿಂದ ಮಂಗಳೂರು, ಗೋವಾ ಕಡೆಗೆ ಕಟ್ಟಡದ ಕೆಲಸಕ್ಕೆ ಹೋಗುವವರು ಬಹಳ. ಮಂಗಳೂರು ಬಹಳ ವರ್ಷ ಮಲೇರಿಯಾ ಜಾಸ್ತಿ ಇದ್ದ ಊರು. ಜಾತ್ರೆಗೆ, ಹಬ್ಬಕ್ಕೆ ಊರಿಗೆ ಬಂದಾಗ ಜ್ವರ ಬಂದರೆ ಎಲ್ಲಿಂದ ಬಂದಿರಿ ಅನ್ನುವುದನ್ನು ಮರೆಯದೆ ಹೇಳಿ. ವೈವ್ಯಾಕ್ಸ್ ಆದರೆ 14 ದಿನದ ಪ್ರಿಮಾಕ್ವಿನ್ ಮಾತ್ರೆ ಕೊಡುತ್ತಾರೆ. ಲಿವರ್‌ನಲ್ಲಿ ಅಡಗಿ ಕೂತ ರೋಗಾಣುವನ್ನು ಕೊಲ್ಲುವುದು ಅದೇ. ನಾಲ್ಕನೇ ದಿನಕ್ಕೆ ಆರಾಮಾಯಿತು ಅಂತ ಬಿಟ್ಟರೆ ತಿಂಗಳುಗಳ ನಂತರ ಮತ್ತೆ ಬರುತ್ತದೆ. ಬಸುರಿಯರಿಗೆ ಈ ಮಾತ್ರೆ ಕೊಡುವ ಹಾಗಿಲ್ಲ.

ಚಿಕುನ್‌ಗುನ್ಯ, ಇಲಿ ಜ್ವರ

2006ರಲ್ಲಿ ಚಿಕುನ್‌ಗುನ್ಯ ಬಂದು ಮನೆಮಂದಿಯೆಲ್ಲ ಗೋಡೆ ಹಿಡಿದು ನಡೆದದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಕೀಲು ಹಿಡಿಯುವುದರಿಂದಲೇ ಅದು ಗುರುತು ಸಿಗುತ್ತದೆ. ಟೆಸ್ಟ್ ಮಾಡಿಸಿದರೂ ಔಷಧಿ ಬದಲಾಗುವುದಿಲ್ಲ. ಹಾಗಾಗಿ ದುಡ್ಡು ಇದಕ್ಕಿಂತ ಮೊದಲು ಡೆಂಗಿ ಟೆಸ್ಟ್‌ಗೆ ಹಾಕಿ. ಎರಡನ್ನೂ ಹರಡುವುದು ಹಗಲು ಕಚ್ಚುವ ಒಂದೇ ಸೊಳ್ಳೆ. ಡೆಂಗಿ ಅಲ್ಲ ಅಂತ ಖಾತ್ರಿಯಾಗುವವರೆಗೆ ನೋವಿನ ಮಾತ್ರೆ ಬೇಡ.

ಇಲಿ ಜ್ವರವನ್ನು ನೆರೆ ಬಂದಾಗ, ಕೆಸರಿನಲ್ಲಿ ಕೆಲಸ ಮಾಡಿದಾಗ ನೆನಪಿಸಿಕೊಳ್ಳಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ನಮ್ಮ ಜನ ವಾರಗಟ್ಟಲೆ ಆ ನೀರಲ್ಲೇ ಓಡಾಡಿದರು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯ, ಒಡೆದ ಹಿಮ್ಮಡಿಯ ಮೂಲಕ ಒಳಗೆ ಹೋಗುತ್ತದೆ. ಮೀನಖಂಡ ಮುಟ್ಟಿಸಿಕೊಳ್ಳಲಾಗದಷ್ಟು ನೋವು, ಕಣ್ಣು ಕೆಂಪು. ಆಮೇಲೆ ಕಣ್ಣು ಹಳದಿಯಾಗಿ ಮೂತ್ರ ಕಮ್ಮಿಯಾದರೆ ಅದು ತುರ್ತು. ಮನೆಯವರು "ಕಾಮಣಿ ಆಗೇತಿ" ಅಂತ ನಾಟಿ ಔಷಧಿಗೆ ಕರೆದುಕೊಂಡು ಹೋಗಿ ಎರಡು ದಿನ ಕಳೆಯುತ್ತಾರೆ. ಕಾಮಾಲೆಯ ಜೊತೆ ಜೋರು ಜ್ವರ ಇದ್ದರೆ ಆಸ್ಪತ್ರೆಗೇ ಹೋಗಿ. ಇದರ ಐಜಿಎಂ ಟೆಸ್ಟ್ ಕೂಡ ಐದನೇ ದಿನದ ನಂತರದ್ದು.

ಎರಡು ವಾರ ದಾಟಿದ ಜ್ವರ

ಇಲ್ಲಿಂದ ಲೆಕ್ಕ ಬೇರೆ. ಮೇಲಿನ ಟೆಸ್ಟ್‌ಗಳನ್ನೇ ಮತ್ತೆ ಮತ್ತೆ ಮಾಡಿಸುವುದರಲ್ಲಿ ಅರ್ಥ ಇಲ್ಲ. ಕೆಮ್ಮು, ತೂಕ ಇಳಿಯುವುದು ಇದ್ದರೆ ಕಫದ ಟಿಬಿ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರ್‌ನಿಂದ 1000 ಆಗಿದೆ.

ಟಿಬಿ ಅಲ್ಲ ಅಂದಾಗ ನಮ್ಮ ಭಾಗದವರು ಕೇಳಲೇಬೇಕಾದ ಇನ್ನೊಂದು ಕಾಯಿಲೆ ಬ್ರುಸೆಲ್ಲೋಸಿಸ್. ಅಪರೂಪ, ಆದರೆ ಕುರಿ, ಆಡು, ಎಮ್ಮೆ ಸಾಕುವ ನಾಡಿನಲ್ಲಿ ಅಷ್ಟೇನೂ ಅಪರೂಪ ಅಲ್ಲ. ಬೆಳಗಾವಿ, ವಿಜಯಪುರದ ವೈದ್ಯರೇ ಇದರ ಬಗ್ಗೆ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಕಂದು ಹಾಕಿದ ಕುರಿಯ ಮಾಸನ್ನು ಬರಿಗೈಲಿ ಎತ್ತಿದರೆ, ಕಾಯಿಸದ ಹಾಲು ಕುಡಿದರೆ ಬರುತ್ತದೆ. ಸಂಜೆ ಜ್ವರ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು, ಸೊಂಟ ಮತ್ತು ಕೀಲು ನೋವು. ವಾರ ಬಿಟ್ಟು ವಾರ ಬರುತ್ತದೆ, ಹೋಗುತ್ತದೆ. ಚಿಕಿತ್ಸೆ ಎರಡು ಔಷಧಿ ಸೇರಿಸಿ ಆರು ವಾರ. ಅದನ್ನು ಅರ್ಧಕ್ಕೆ ಬಿಟ್ಟರೆ ಮರುಕಳಿಸುತ್ತದೆ. ಕಲ್ಚರ್‌ಗೆ ಕೊಡುವಾಗ "ಮನೆಯಲ್ಲಿ ಕುರಿ ಅದಾವ್ರಿ" ಅಂತ ಹೇಳಿ. ಈ ರೋಗಾಣು ನಿಧಾನ ಬೆಳೆಯುತ್ತದೆ, ಲ್ಯಾಬಿನವರು ಬಾಟಲಿಯನ್ನು ಜಾಸ್ತಿ ದಿನ ಇಡಬೇಕಾಗುತ್ತದೆ, ತಮಗೂ ತಗಲದಂತೆ ಹುಷಾರಾಗಿರಬೇಕಾಗುತ್ತದೆ.

ಬೇಸಿಗೆಯಲ್ಲಿ ಗೋವಾ, ಸಿಂಧುದುರ್ಗದ ಗೋಡಂಬಿ ತೋಟಗಳಿಗೆ ಕೆಲಸಕ್ಕೆ ಹೋಗಿ ಜ್ವರ ಹಿಡಿದುಕೊಂಡು ಬಂದವರು, ಎರಡನೇ ದಿನವೇ ಆಗಿರಲಿ, ಆ ಮಾತನ್ನು ಮೊದಲು ಹೇಳಬೇಕು. ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಅಲ್ಲಿ ಇದೆ. ಅದರ ಟೆಸ್ಟ್ ನಮ್ಮಂಥ ಲ್ಯಾಬ್‌ಗಳಲ್ಲಿ ಆಗುವುದಿಲ್ಲ, ಆರೋಗ್ಯ ಇಲಾಖೆಯ ಮೂಲಕವೇ ಹೋಗಬೇಕು. ಏಪ್ರಿಲ್-ಮೇ ಬಿಸಿಲಲ್ಲಿ ಹೊಲದಲ್ಲಿ ಬಿದ್ದು ಮೈ ಸುಡುತ್ತಾ ಬಡಬಡಿಸುವವರದು ಜ್ವರವೇ ಅಲ್ಲ, ಬಿಸಿಲು ಹೊಡೆದದ್ದು. ಅದಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಿ.

ಸಲಾಯಿನ್ ಬೇಕಾ, ಅಂಬಲಿ ಸಾಕಾ?

"ಒಂದು ಸಲಾಯಿನ್ ಹಚ್ಚ್ರಿ, ಶಕ್ತಿ ಬರ್ತದ" ಅನ್ನುವ ಮಾತು ದಿನಾ ಕೇಳುತ್ತೇನೆ. ಅರ್ಧ ಲೀಟರ್ ನಾರ್ಮಲ್ ಸಲಾಯಿನ್ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಬೇರೇನೂ ಇಲ್ಲ. ಬಾಯಿಂದ ಕುಡಿಯಲು ಆಗುತ್ತಿದ್ದರೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ, ಓಆರ್‌ಎಸ್, ಎಳನೀರು ಅದಕ್ಕಿಂತ ಒಳ್ಳೆಯದು. ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಬಿಪಿ ಇಳಿದಿದ್ದರೆ ಸಲಾಯಿನ್ ಬೇಕೇ ಬೇಕು. ಡೆಂಗಿಯಲ್ಲಿ ಅಳತೆ ಮೀರಿ ಹಾಕಿದರೆ ಆ ನೀರು ಎದೆಗೂಡಿಗೆ, ಹೊಟ್ಟೆಗೆ ಸೋರಿ ಉಸಿರಾಟಕ್ಕೆ ತೊಂದರೆ ಕೊಡುತ್ತದೆ. ಪಪ್ಪಾಯಿ ಎಲೆಯ ರಸದ ಬಗ್ಗೆ ಕೇಳುತ್ತೀರಿ. ವಾಂತಿ ಬರುವ ಹೊಟ್ಟೆಗೆ ಆ ಕಹಿ ಹಾಕಿ, ಮಗು ಅಂಬಲಿಯನ್ನೂ ಕುಡಿಯದಂತೆ ಮಾಡಬೇಡಿ ಅಂತಲೇ ನಾನು ಹೇಳುವುದು.

ತಡೆಯುವುದಕ್ಕೆ ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಕೆಲಸ ನೀರಿನ ಬ್ಯಾರಲ್. ನಳ ವಾರಕ್ಕೊಮ್ಮೆ ಬರುವ ಊರಲ್ಲಿ ನೀರು ತುಂಬಿಡಬೇಡಿ ಅಂತ ಹೇಳಲಾಗುವುದಿಲ್ಲ. ಆದರೆ ಡೆಂಗಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಬ್ಯಾರಲ್ ಬಾಯಿಗೆ ಹಳೆಯ ಧೋತರ ಬಿಗಿದು ಕಟ್ಟಿ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ಬ್ರಷ್ ಹಾಕಿ ತಿಕ್ಕಿ. ಬರೀ ನೀರು ಚೆಲ್ಲಿದರೆ ಗೋಡೆಗೆ ಅಂಟಿದ ಮೊಟ್ಟೆ ಹೋಗುವುದಿಲ್ಲ, ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಎಲ್ಲಿಗೆ ಹೋಗುವುದು

ಮೂರನೇ ದಿನದ ಸಾಮಾನ್ಯ ಜ್ವರಕ್ಕೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಮಲೇರಿಯಾ ಅಲ್ಲೇ ನೋಡುತ್ತಾರೆ. ದಿನಕ್ಕೊಮ್ಮೆ ಸಿಬಿಸಿ ನೋಡಬೇಕಾದ ಡೆಂಗಿಗೆ ತಾಲ್ಲೂಕು ಆಸ್ಪತ್ರೆ, ಅಥವಾ ರಾತ್ರಿಯೂ ವೈದ್ಯರು ಇರುವ ಖಾಸಗಿ ಆಸ್ಪತ್ರೆ. ಹೆಸರಿಗಿಂತ ರಾತ್ರಿ ಯಾರಿರುತ್ತಾರೆ ಅನ್ನುವುದು ಮುಖ್ಯ, ಅದನ್ನು ಕೇಳಿಯೇ ಅಡ್ಮಿಟ್ ಆಗಿ. ಕಲ್ಚರ್, ಐಸಿಯು, ರಕ್ತನಿಧಿ ಬೇಕಾದಾಗ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜು ಇದೆ. ಜಿಲ್ಲಾ ಆಸ್ಪತ್ರೆಗೆ ಹೋಗುವುದು ಕಡೆಯ ದಾರಿ ಅಂತ ತಿಳಿದು ಮೂರು ಕ್ಲಿನಿಕ್ ಸುತ್ತಿ, ದುಡ್ಡು ಮುಗಿದ ಮೇಲೆ ಹೋಗುವವರೇ ಜಾಸ್ತಿ. ಅಷ್ಟರಲ್ಲಿ ಏಳನೇ ದಿನ ಆಗಿರುತ್ತದೆ.

ಹೋದ ವರ್ಷ ತೇರದಾಳ ಕಡೆಯಿಂದ ಬಂದ ಹುಡುಗನೊಬ್ಬ ತನ್ನ ಅಜ್ಜನ ಜೊತೆ ಒಂದು ಚೀಟಿ ತಂದಿದ್ದ. ಕನ್ನಡ ಸಾಲೆಯ ಎರಡು ಗೆರೆ ಹಾಳೆ. ಅದರಲ್ಲಿ ಬರೆದಿತ್ತು: "ಸೋಮವಾರ ಸಂಜಿ ಜ್ವರ ಶುರು. ಮಂಗಳವಾರ 102. ಮೂರು ಗುಳಿಗಿ ಕೊಟ್ಟೇವಿ, ಹೆಸರು ಕೆಳಗ ಐತಿ. ಬುಧವಾರ ಎರಡು ಸರ್ತಿ ವಾಂತಿ. ಅಜ್ಜಗ ಸಕ್ಕರಿ ಕಾಯಿಲೆ ಐತಿ. ಹೊಲದಾಗ ಗೊಬ್ಬರ ಹಾಕ್ಯಾನು. ಎಲ್ಲೂ ಊರಿಗೆ ಹೋಗಿಲ್ಲ." ಅವತ್ತು ಗುರುವಾರ, ನಾಲ್ಕನೇ ದಿನ. ವೈದ್ಯರು ಆ ಚೀಟಿ ನೋಡಿ ಬರೆದದ್ದು ಮೂರೇ ಟೆಸ್ಟ್: ಸಿಬಿಸಿ, ಎನ್‌ಎಸ್‌1, ಮಲೇರಿಯಾ ಸ್ಮಿಯರ್. ಎನ್‌ಎಸ್‌1 ಪಾಸಿಟಿವ್ ಬಂತು. ಪಿಸಿವಿ ಏರಿರಲಿಲ್ಲ, ಆದರೆ ಸಕ್ಕರೆ ಕಾಯಿಲೆ ಇದ್ದ ಕಾರಣಕ್ಕೆ ಅಜ್ಜನನ್ನು ಅಂದೇ ಒಳಗೆ ಸೇರಿಸಿಕೊಂಡರು. ಮುಂದಿನ ಮೂರು ದಿನ ಹುಡುಗ ಅದೇ ಹಾಳೆಯ ಕೆಳಗೆ ಪ್ಲೇಟ್‌ಲೆಟ್, ಪಿಸಿವಿ, ಎಷ್ಟು ಸಲ ಮೂತ್ರ ಆಯಿತು ಅಂತ ಬರೆಯುತ್ತಾ ಹೋದ. ಏಳನೇ ಕ್ಲಾಸಿನ ಹುಡುಗ.